ನೈಟ್ರೇಟ್ ಸೊನ್ನೆ ಆಯ್ತು, ಆದರೆ ಹವಳ ಬಿಳುಚಿಕೊಳ್ಳುತ್ತಿದೆ. ವೋಡ್ಕಾ ನಿಲ್ಲಿಸಬೇಕಾ?

ಉಪ್ಪುನೀರಿಗ

ಸ್ವಲ್ಪ ಉದ್ದ ಇದೆ, ಬೇಜಾರಿಲ್ಲದೆ ಓದಿ.

ನನ್ನದು 300 ಲೀಟರ್ ರೀಫ್ ಟ್ಯಾಂಕ್, ಅಂದ್ರೆ ಉಪ್ಪು ನೀರಿನಲ್ಲಿ ಹವಳ, ಮೀನು ಸಾಕೋ ಟ್ಯಾಂಕ್. ಎರಡೂವರೆ ವರ್ಷ ಆಯ್ತು. ಮೀನು ಜಾಸ್ತಿ, ಊಟ ಹಾಕೋ ಕೈ ಇನ್ನೂ ಜಾಸ್ತಿ. ಊಟ, ಹಿಕ್ಕೆಯಿಂದ ಹುಟ್ಟೋ ನೈಟ್ರೇಟ್ 40 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ 40 ಪಾಲು) ಕೆಳಗೆ ಇಳಿಯುತ್ತಲೇ ಇರಲಿಲ್ಲ. ಅದನ್ನು ಇಳಿಸೋಕೆ ಆರು ವಾರದ ಹಿಂದೆ ವೋಡ್ಕಾ ಹಾಕಲು ಶುರು ಮಾಡಿದೆ. ಮೊದಲು ದಿನಕ್ಕೆ 0.3 ಮಿ.ಲೀ. ಆಮೇಲೆ ವಾರಕ್ಕೆ 1 ಮಿ.ಲೀ. ಏರಿಸುತ್ತಾ ಬಂದೆ. ಈಗ ದಿನಕ್ಕೆ 6 ಮಿ.ಲೀ.

ಐದನೇ ವಾರದವರೆಗೆ ಏನೂ ಆಗಲಿಲ್ಲ. ಆಮೇಲೆ ನಾಲ್ಕೇ ದಿನದಲ್ಲಿ 40 ಇದ್ದದ್ದು ಸೊನ್ನೆ! ಖುಷಿಯಿಂದ ಕುಣಿದೆ. ಖುಷಿ ಒಂದು ವಾರವೂ ಉಳಿಯಲಿಲ್ಲ. ಈಗ ಮರಳಿನ ಮೇಲೆ ಕೆಂಪು ಚಾಪೆ ಹಾಸಿದ ಹಾಗೆ ಸಯನೊ ಬ್ಯಾಕ್ಟೀರಿಯಾ. ಆಕ್ರೊಪೋರಾ ಹವಳದ ತುದಿಗಳು ಸುಣ್ಣ ಬಳಿದಂತೆ ಬಿಳಿ. ಹಸಿರು ಮೊಂಟಿಪೋರಾ ಹವಳ ತೊಳೆದ ಬಟ್ಟೆ ತರ ಪೇಲವ. ಫಾಸ್ಫೇಟ್ 0.08 ಇತ್ತು, ಈಗ 0.06. ಅದು ಯಾಕೆ ಇಳಿಯುತ್ತಿಲ್ಲ ಅನ್ನೋದೂ ಅರ್ಥ ಆಗುತ್ತಿಲ್ಲ.

ವೋಡ್ಕಾ ಪೂರ್ತಿ ನಿಲ್ಲಿಸಲಾ, ಕಡಿಮೆ ಮಾಡಲಾ?

ಸಂಪ್‌ಸಂಗಪ್ಪ

ಮೊದಲು ಇದು ಹೇಳಿ. ಮೀನು ನೆಟ್ಟಗೆ ಈಜುತ್ತಿವೆಯಾ, ತೂರಾಡುತ್ತಿವೆಯಾ?

ಬಕೆಟ್‌ಭೂಪ

ಇಂದೇ ನಿಲ್ಲಿಸಿ. ನೀರು ಬದಲಿಸಿ. ಮೀನಿಗೆ ಊಟ ಕಡಿಮೆ ಮಾಡಿ. ಹದಿನಾಲ್ಕು ವರ್ಷದಿಂದ ಟ್ಯಾಂಕ್ ಇಟ್ಟಿದ್ದೇನೆ, ಬಕೆಟ್ ಮತ್ತು ಪೈಪ್ ಬಿಟ್ಟು ಬೇರೆ ಔಷಧ ಗೊತ್ತಿಲ್ಲ. ಹೆಂಡ ಹಾಕಿ ನೀರು ಶುದ್ಧ ಮಾಡ್ತೀನಿ ಅನ್ನೋದು ಎಲ್ಲಿಯ ನ್ಯಾಯ?

ಹವಳಪ್ರಿಯ

> ಇಂದೇ ನಿಲ್ಲಿಸಿ. ನೀರು ಬದಲಿಸಿ.

ಭೂಪಣ್ಣ, ಲೆಕ್ಕ ಹಾಕಿ ನೋಡಿ. ನೂರಕ್ಕೆ ಹತ್ತು ಪಾಲು ನೀರು ಬದಲಿಸಿದರೆ 40 ಇದ್ದದ್ದು 36 ಆಗುತ್ತೆ, ಅಷ್ಟೇ. ಅವರ ಕೈ ನೋಡಿದರೆ ಮುಂದಿನ ವಾರಕ್ಕೆ ಮತ್ತೆ 40. ಅರ್ಧ ಟ್ಯಾಂಕ್ ಬದಲಿಸಿದರೂ 20. ಮೀನು ಜಾಸ್ತಿ ಇರೋ ಟ್ಯಾಂಕ್‌ನಲ್ಲಿ ಬಕೆಟ್ ಒಂದೇ ಸಾಲದು.

ಆದರೆ ಉಪ್ಪುನೀರಿಗರೇ, ವಾರಕ್ಕೆ 1 ಮಿ.ಲೀ. ಏರಿಸಿದ್ದು ಅವಸರ ಆಯ್ತು. ನಾವೆಲ್ಲ ಪಾಲಿಸೋ ರೂಢಿ ಹೀಗಿದೆ: 100 ಲೀಟರ್‌ಗೆ 0.1 ಮಿ.ಲೀ.ನಿಂದ ಶುರು, ನಾಲ್ಕನೇ ದಿನಕ್ಕೆ ಅದರ ಎರಡರಷ್ಟು, ಆಮೇಲೆ ಇಡೀ ಟ್ಯಾಂಕ್‌ಗೆ ವಾರಕ್ಕೆ ಅರ್ಧ ಮಿ.ಲೀ. ಮಾತ್ರ ಏರಿಕೆ. ನೈಟ್ರೇಟ್ ಇಳಿಯೋ ಸೂಚನೆ ಕಂಡ ಕೂಡಲೇ ಏರಿಸೋದು ನಿಲ್ಲಿಸಬೇಕು. ಬೇಕಾದ ಮಟ್ಟಕ್ಕೆ ಬಂದ ಮೇಲೆ ಪ್ರಮಾಣ ಅರ್ಧ ಮಾಡಬೇಕು. ಬ್ಯಾಕ್ಟೀರಿಯಾ ಹೆಚ್ಚೋದು ದುಪ್ಪಟ್ಟು ಲೆಕ್ಕದಲ್ಲಿ. ಐದು ವಾರ ಸುಮ್ನೆ ಕೂತಂತೆ ಕಂಡು ಆರನೇ ವಾರ ಒಮ್ಮೆಲೇ ನುಂಗೋದು ಅದಕ್ಕೇ.

ರಸಾಯನಿ

ಮೂರು ಪ್ರಶ್ನೆ. ಇದಕ್ಕೆ ಉತ್ತರ ಸಿಗದೆ ಯಾರೂ ಏನೂ ಹೇಳೋಕೆ ಆಗಲ್ಲ.

ಆಲ್ಕಲಿನಿಟಿ (ಆಮ್ಲವನ್ನು ತಡೆಯೋ ನೀರಿನ ಶಕ್ತಿ) ಈಗ ಎಷ್ಟು, ಆರು ವಾರದ ಹಿಂದೆ ಎಷ್ಟಿತ್ತು? ಫಾಸ್ಫೇಟ್ ಯಾವುದರಲ್ಲಿ ಅಳೆದಿರಿ? ನೊರೆ ಎಬ್ಬಿಸಿ ಕೊಳೆ ತೆಗೆಯೋ ಸ್ಕಿಮ್ಮರ್ ದಿನವಿಡೀ ಓಡುತ್ತಿದೆಯಾ?

ಉಪ್ಪುನೀರಿಗ

ರಸಾಯನಿ ಮೇಡಂ, ಆಲ್ಕ್ ಮೊದಲು 9 ಇತ್ತು, ಈಗ 10.8 ಡಿಕೆಎಚ್ (ಆಲ್ಕಲಿನಿಟಿಯ ಅಳತೆ). ದಿನವೂ ಹಾಕೋ ಆಲ್ಕ್ ಡೋಸಿಂಗ್ ಏನೂ ಬದಲಿಸಿಲ್ಲ, ತಾನೇ ಏರಿದೆ. ಫಾಸ್ಫೇಟ್‌ಗೆ ಹನ್ನಾ ಕಂಪನಿಯ ಚೆಕರ್, ಅಳೆಯೋ ಸಾಧನ. ಪರದೆ ಮೇಲೆ 60 ಅಂತ ಬಂತು, ಸಾವಿರದಿಂದ ಭಾಗಿಸಿದೆ, 0.06. ಸ್ಕಿಮ್ಮರ್ ಓಡುತ್ತಿದೆ. ಕಪ್ ಮೊದಲು ನಾಲ್ಕು ದಿನಕ್ಕೆ ತುಂಬುತ್ತಿತ್ತು, ಈಗ ಒಂದೂವರೆ ದಿನ. ವಾಸನೆ ಮಾತ್ರ ಕೇಳಲೇಬೇಡಿ.

ಸಂಗಪ್ಪ, ಮೀನು ಚೆನ್ನಾಗಿವೆ. ನಾನೇ ತೂರಾಡುತ್ತಿದ್ದೇನೆ.

ಹೊಸಬ_ನಾನು

ದಡ್ಡ ಪ್ರಶ್ನೆ ಅನಿಸಿದರೆ ಕ್ಷಮಿಸಿ. ವೋಡ್ಕಾಗೂ ನೈಟ್ರೇಟ್‌ಗೂ ಏನು ಸಂಬಂಧ? ಅದು ನೈಟ್ರೇಟ್ ಅನ್ನು ಸುಟ್ಟುಬಿಡುತ್ತಾ?

ಹವಳಪ್ರಿಯ

ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ವೋಡ್ಕಾ ನೇರವಾಗಿ ಏನೂ ಮಾಡಲ್ಲ. ಅದು ಬ್ಯಾಕ್ಟೀರಿಯಾಗೆ ಊಟ. ನಮ್ಮ ಟ್ಯಾಂಕ್‌ಗಳಲ್ಲಿ ನೈಟ್ರೇಟ್, ಫಾಸ್ಫೇಟ್ ಬೇಕಾದಷ್ಟು ಬಿದ್ದಿರುತ್ತೆ, ಬ್ಯಾಕ್ಟೀರಿಯಾ ಸುಲಭವಾಗಿ ತಿನ್ನೋ ಇಂಗಾಲ ಇರಲ್ಲ. ಅದನ್ನು ಕೊಟ್ಟರೆ ಅವು ಬೆಳೆಯುತ್ತವೆ. ಬೆಳೆಯೋವಾಗ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಮೈಗೆ ಸೇರಿಸಿಕೊಳ್ಳುತ್ತವೆ. ಹಾಗೆ ಬೆಳೆದದ್ದನ್ನು ಸ್ಕಿಮ್ಮರ್ ನೊರೆಯ ಜೊತೆ ಎತ್ತಿ ಹೊರಗೆ ಹಾಕುತ್ತೆ. ಒಂದಷ್ಟನ್ನು ಹವಳ, ಸ್ಪಂಜುಗಳೂ ತಿನ್ನುತ್ತವೆ.

ವೋಡ್ಕಾ, ವಿನೆಗರ್, ಸಕ್ಕರೆ, ಅಂಗಡಿಯ ರೆಡಿ ದ್ರಾವಣ, ಬಯೋಪೆಲೆಟ್ (ನಿಧಾನವಾಗಿ ಇಂಗಾಲ ಒದಗಿಸೋ ಕಾಳು), ಎಲ್ಲದರ ಹಿಂದೆಯೂ ಇದೇ ಕತೆ.

ಕೀಟೊಕಾಕಾ

ಇಷ್ಟೆಲ್ಲ ತಾಪತ್ರಯ ಯಾಕೆ? ಟ್ಯಾಂಕ್ ಕೆಳಗಿನ ಸಂಪ್ ತೊಟ್ಟಿಯಲ್ಲಿ ಒಂದು ಹಿಡಿ ಕೀಟೊ ಪಾಚಿ ಹಾಕಿ, ಮೇಲೊಂದು ದೀಪ ಇಡಿ. ಬೆಳೆದಂತೆ ಕಿತ್ತು ಬಿಸಾಕಿ. ದೀಪ ಇದ್ದಷ್ಟು ಹೊತ್ತು ಪಾಚಿ ಆಮ್ಲಜನಕ ಕೊಡುತ್ತೆ, ಕಿತ್ತುಕೊಳ್ಳಲ್ಲ.

ಸಂಪ್‌ಸಂಗಪ್ಪ

ಕಾಕಾ ಬಂದ್ರು. ಯಾರಿಗಾದರೂ ತಲೆನೋವು ಅಂದ್ರೂ ಕೀಟೊ ಹಾಕಿ ಅಂತಾರೆ.

ರಸಾಯನಿ

ಉಪ್ಪುನೀರಿಗರೇ, ನಿಮ್ಮ ಫಾಸ್ಫೇಟ್ 0.06 ಅಲ್ಲ.

ಹನ್ನಾದಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ಚೆಕರ್ ಇವೆ. ಪೆಟ್ಟಿಗೆ ಮೇಲೆ ‘ಫಾಸ್ಫರಸ್’ ಅಂತ ಇದೆಯಾ, ‘ಫಾಸ್ಫೇಟ್’ ಅಂತ ಇದೆಯಾ ನೋಡಿ. ಪಿಪಿಬಿ (ಪಿಪಿಎಂನ ಸಾವಿರದ ಒಂದು ಪಾಲು) ಲೆಕ್ಕದಲ್ಲಿ 60 ಅಂತ ಬಂದು, ಪೆಟ್ಟಿಗೆ ಮೇಲೆ ಫಾಸ್ಫರಸ್ ಅಂತ ಇದ್ದರೆ, ಅದು ರಂಜಕದ ಅಳತೆ. ಫಾಸ್ಫೇಟ್ ಆಗಬೇಕಾದರೆ 3.066ರಿಂದ ಗುಣಿಸಬೇಕು. 60 ಅಂದ್ರೆ 184, ಅಂದ್ರೆ 0.18 ಪಿಪಿಎಂ. ನೀವು 0.08 ಅಂದುಕೊಂಡಿದ್ದು 0.25 ಹತ್ತಿರ ಇತ್ತು.

ಉಪ್ಪುನೀರಿಗ

ಪೆಟ್ಟಿಗೆ ತೆಗೆದು ನೋಡಿದೆ. ಫಾಸ್ಫರಸ್.

ಎರಡು ವರ್ಷದಿಂದ ತಪ್ಪು ಬರೆದಿಡುತ್ತಿದ್ದೇನೆ. ಪುಸ್ತಕದ ತುಂಬಾ.

ರಾತ್ರಿಪಾಳಿ

ಸಮಾಧಾನ ಮಾಡಿಕೊಳ್ಳಿ ಗುರುಗಳೇ, ಒಂದು ವರ್ಷ ನಾನೂ ಅದೇ ಮಾಡಿದ್ದೆ. ಆಗ ನನ್ನ ಫಾಸ್ಫೇಟ್ ಎಷ್ಟು ಕಡಿಮೆ ಇದೆ ನೋಡಿ ಅಂತ ಎಲ್ಲರಿಗೂ ಪಟ ಹಾಕಿ ಮೆರೆದಿದ್ದೆ ಬೇರೆ.

ಬಕೆಟ್‌ಭೂಪ

ನೋಡಿ, ಇದಕ್ಕೇ ನಾನು ಅಳೆಯೋದೇ ಇಲ್ಲ. ಹವಳದ ಮುಖ ನೋಡಿದರೆ ಗೊತ್ತಾಗುತ್ತೆ.

ರಸಾಯನಿ

> ಹವಳದ ಮುಖ ನೋಡಿದರೆ ಗೊತ್ತಾಗುತ್ತೆ.

ಗೊತ್ತಾಗುತ್ತೆ ಸರ್, ಸತ್ತ ಮೇಲೆ.

ಸರಿ, ವಿಷಯಕ್ಕೆ ಬರೋಣ. ನೈಟ್ರೇಟ್ ಹೋಯ್ತು, ಫಾಸ್ಫೇಟ್ ಯಾಕೆ ಹೋಗಲಿಲ್ಲ ಅಂತ ಕೇಳಿದಿರಿ. ಆಲ್ಫ್ರೆಡ್ ರೆಡ್‌ಫೀಲ್ಡ್ ಅಂತ ಒಬ್ಬರು 1934ರಲ್ಲಿ ಒಂದು ವಿಷಯ ಗಮನಿಸಿದರು. ಸಮುದ್ರದಲ್ಲಿ ತೇಲೋ ಪ್ಲವಕ ಜೀವಿಗಳ ಮೈಯಲ್ಲಿ ಸಾರಜನಕ, ರಂಜಕಗಳು ಹೆಚ್ಚು ಕಡಿಮೆ ಒಂದೇ ಅನುಪಾತದಲ್ಲಿರುತ್ತವೆ. ಇವತ್ತು ನಾವು ಹೇಳೋದು 106 ಇಂಗಾಲಕ್ಕೆ 16 ಸಾರಜನಕ, 1 ರಂಜಕ ಅಂತ. ನಮ್ಮ ಟೆಸ್ಟ್ ಕಿಟ್ ಭಾಷೆಗೆ ತಂದರೆ ಸುಮಾರು 10 ಪಿಪಿಎಂ ನೈಟ್ರೇಟ್ ಹೋಗೋವಾಗ ಜೊತೆಗೆ 1 ಪಿಪಿಎಂ ಫಾಸ್ಫೇಟ್ ಹೋಗಬೇಕು. ಬ್ಯಾಕ್ಟೀರಿಯಾ ಕರಾರುವಾಕ್ಕಾಗಿ ಇದನ್ನೇ ಪಾಲಿಸಲ್ಲ, ಆದರೂ ಅಂದಾಜಿಗೆ ಸಾಕು.

ನಿಮ್ಮ ಲೆಕ್ಕ ನೋಡಿ. 40 ನೈಟ್ರೇಟ್ ಹೋಯ್ತು. ಜೊತೆಗೆ 4 ಪಿಪಿಎಂ ಫಾಸ್ಫೇಟ್ ಹೋಗಬೇಕಿತ್ತು. ನಿಮ್ಮ ನೀರಿನಲ್ಲಿ ಇದ್ದದ್ದೇ 0.25. ಹೋದದ್ದು 0.06. ಲೆಕ್ಕ ತಾಳೆ ಆಗಲ್ಲ ಅಲ್ವಾ?

ಎರಡು ಕಾರಣ ಇವೆ. ಒಂದು, ನೈಟ್ರೇಟ್ ಎಲ್ಲವೂ ಬ್ಯಾಕ್ಟೀರಿಯಾದ ಮೈ ಸೇರಿಲ್ಲ. ಕಲ್ಲಿನ ಒಳಗೆ, ಮರಳಿನ ಅಡಿಯಲ್ಲಿ ಆಮ್ಲಜನಕ ಇಲ್ಲದ ಜಾಗ ಇರುತ್ತೆ. ಅಲ್ಲಿನ ಬ್ಯಾಕ್ಟೀರಿಯಾ ಆಮ್ಲಜನಕದ ಬದಲು ನೈಟ್ರೇಟ್ ಬಳಸಿ ಉಸಿರಾಡುತ್ತವೆ, ಸಾರಜನಕ ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ಈ ದಾರಿಯಲ್ಲಿ ಫಾಸ್ಫೇಟ್ ಹೆಚ್ಚೇನೂ ಖರ್ಚಾಗಲ್ಲ. ಇನ್ನೊಂದು, ಕಲ್ಲು. ಎರಡೂವರೆ ವರ್ಷ ಜಾಸ್ತಿ ಫಾಸ್ಫೇಟ್ ನೀರಿನಲ್ಲಿದ್ದ ಕಲ್ಲು, ಮರಳು ಅದನ್ನು ಮೈಗೆ ಅಂಟಿಸಿಕೊಂಡಿರುತ್ತವೆ. ನೀರಿನಲ್ಲಿ ಕಡಿಮೆಯಾದಂತೆ ಕಲ್ಲು ವಾಪಸ್ ಬಿಡುತ್ತೆ. ನೀವು ಅಳೆಯೋದು ಜೇಬಿನ ಚಿಲ್ಲರೆ. ಗಂಟು ಕಲ್ಲಿನಲ್ಲಿದೆ.

ಈಗ ನೈಟ್ರೇಟ್ ಇಲ್ಲ, ಫಾಸ್ಫೇಟ್ ಇದೆ. ಇಟ್ಟಿಗೆ ರಾಶಿ ಬಿದ್ದಿದ್ದರೂ ಗಾರೆ ಮುಗಿದರೆ ಗೋಡೆ ಏಳಲ್ಲ. ನೀವು ಎಷ್ಟೇ ವೋಡ್ಕಾ ಸುರಿದರೂ ಬ್ಯಾಕ್ಟೀರಿಯಾ ಬೆಳೆದು ಫಾಸ್ಫೇಟ್ ಎತ್ತಲ್ಲ. ಇಂಥ ಹೊತ್ತಿಗೇ ಸಯನೊಗೆ ಹಬ್ಬ. ಕೆಲವು ಬಗೆಯ ಸಯನೊ ನೀರಿನಲ್ಲಿ ಕರಗಿದ ಸಾರಜನಕ ಅನಿಲವನ್ನೇ ಹಿಡಿದು ಬಳಸಿಕೊಳ್ಳುತ್ತವೆ. ಅವಕ್ಕೆ ನೈಟ್ರೇಟ್ ಇಲ್ಲದಿದ್ದರೂ ನಡೆಯುತ್ತೆ.

ಹೊಸಬ_ನಾನು

ಮೇಡಂ, ಎರಡು ಸಲ ಓದಿದೆ. ಮೊದಲ ಸಲಕ್ಕಿಂತ ಎರಡನೇ ಸಲ ಜಾಸ್ತಿ ಅರ್ಥ ಆಯ್ತು. ಹಾಗಾದ್ರೆ ಆಲ್ಕ್ ಯಾಕೆ ಏರಿತು?

ರಸಾಯನಿ

ಅದೂ ಅದೇ ಕತೆ. ಮೀನಿನ ತ್ಯಾಜ್ಯ ನೈಟ್ರೇಟ್ ಆಗೋವಾಗ ಆಲ್ಕಲಿನಿಟಿ ತಿನ್ನುತ್ತೆ. ನೈಟ್ರೇಟ್ ಖರ್ಚಾಗೋವಾಗ ಅದು ವಾಪಸ್ ಬರುತ್ತೆ. 50 ಪಿಪಿಎಂ ನೈಟ್ರೇಟ್‌ಗೆ ಸುಮಾರು 2.3 ಡಿಕೆಎಚ್. ಇವರದ್ದು 40, ಅಂದ್ರೆ 1.8. ಒಂಬತ್ತಕ್ಕೆ ಕೂಡಿಸಿ.

ಹೊಸಬ_ನಾನು

10.8!! ಸರಿಯಾಗಿ ಅಷ್ಟೇ!

ರಸಾಯನಿ

ಇಷ್ಟು ಸರಿಯಾಗಿ ಕೂತದ್ದು ಅದೃಷ್ಟ. ಹವಳ ಬೆಳೆಯೋದು ನಿಧಾನ ಆದರೂ ಆಲ್ಕ್ ಖರ್ಚು ಕಡಿಮೆಯಾಗಿ ಏರುತ್ತೆ. ಎರಡೂ ಸೇರಿರಬಹುದು.

ಹವಳಪ್ರಿಯ

ಆ ಬಿಳಿ ತುದಿಗೆ ಇದೇ ಕಾರಣ ಇರಬೇಕು. ನೈಟ್ರೇಟ್ ಸೊನ್ನೆ, ಆಲ್ಕ್ 11ರ ಹತ್ತಿರ, ಮೇಲೆ ಜೋರು ಬೆಳಕು. ಈ ಮೂರೂ ಸೇರಿದರೆ ಆಕ್ರೊ ತುದಿ ಸುಡುತ್ತೆ. ನನ್ನ ಟ್ಯಾಂಕ್‌ನಲ್ಲಿ ಎರಡು ಸಲ ನೋಡಿದ್ದೇನೆ. ಪೋಷಕಾಂಶ ಕಡಿಮೆ ಇಡೋರು ಆಲ್ಕ್ ಅನ್ನು 7ರಿಂದ 8.5ರ ಒಳಗೇ ಇಟ್ಟುಕೊಳ್ಳೋದು ಒಳ್ಳೇದು. ಸಮುದ್ರದಲ್ಲೂ ಸುಮಾರು 7 ಇರೋದು.

ಈಗ ಆಲ್ಕ್ ಡೋಸಿಂಗ್ ಕಡಿಮೆ ಮಾಡಿ, ತಾನಾಗಿ ಇಳಿಯಲಿ. ಆಮ್ಲ ಹಾಕಿ ಇಳಿಸೋಕೆ ಹೋಗಬೇಡಿ.

ಬಕೆಟ್‌ಭೂಪ

ಸಮುದ್ರದ ನೀರಿನಲ್ಲಿ ನೈಟ್ರೇಟ್ ಎಷ್ಟಿರುತ್ತೆ? ಹವಳದ ದಿಬ್ಬಗಳ ನೀರಿನಲ್ಲಿ 1 ಪಿಪಿಎಂಗಿಂತ ಎಷ್ಟೋ ಕಡಿಮೆ. ಅದರಿಂದ ಅಲ್ಲಿ ಹವಳ ಬಿಳುಚಲ್ಲ. ಸೊನ್ನೆ ಅಂದ್ರೆ ಕೆಟ್ಟದ್ದು ಅಂತ ಯಾಕೆ ಹೆದರಿಸುತ್ತೀರಿ?

ಹವಳಪ್ರಿಯ

ಒಳ್ಳೆ ಪ್ರಶ್ನೆ ಭೂಪಣ್ಣ. ಈ ಸಲ ನಿಜವಾಗಲೂ ಒಳ್ಳೆ ಪ್ರಶ್ನೆ. ಸಮುದ್ರದಲ್ಲಿ ನೀರು ಕಡಿಮೆ ಸಾರದ್ದು, ಆದರೆ ಊಟ ನಿಲ್ಲದೆ ಹರಿದು ಬರುತ್ತಲೇ ಇರುತ್ತೆ. ಪ್ಲವಕ, ಬ್ಯಾಕ್ಟೀರಿಯಾ, ಮೀನಿನ ಹಿಕ್ಕೆ. ನಮ್ಮ ಪೆಟ್ಟಿಗೆಯಲ್ಲಿ ದಿನಕ್ಕೆರಡು ಸಲ ಒಂದು ಚಿಟಿಕೆ. ನೀರಿನಲ್ಲಿ 2ರಿಂದ 10 ನೈಟ್ರೇಟ್, 0.03ರಿಂದ 0.1 ಫಾಸ್ಫೇಟ್ ಇದ್ದರೆ ನಮ್ಮ ಹವಳ ನೆಮ್ಮದಿಯಾಗಿರುತ್ತೆ ಅನ್ನೋದು ನನ್ನ ಅನುಭವ. ಇದಕ್ಕಿಂತ ಜಾಸ್ತಿ ಇಟ್ಟೂ ಚೆಂದದ ಟ್ಯಾಂಕ್ ನಡೆಸುವವರಿದ್ದಾರೆ, ಅದೂ ನಿಜ.

ಮೀನಮ್ಮ

ವೋಡ್ಕಾ ಕತೆ ಬಂದಿದ್ದಕ್ಕೆ ನನ್ನದೂ ಒಂದು. ನಾಲ್ಕು ತಿಂಗಳು ಹಾಕಿದೆ, ನೈಟ್ರೇಟ್ ಒಂದು ಅಂಕೆ ಕೂಡ ಅಲುಗಲಿಲ್ಲ. ದಿನಕ್ಕೆ 12 ಮಿ.ಲೀ.ವರೆಗೆ ಹೋದೆ. ಇದೆಲ್ಲ ಬೂಟಾಟಿಕೆ ಅಂತ ಕಂಡ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಬಾಟಲಿ ಮಕ್ಕಳ ಕೈಗೆ ಸಿಗದಿರಲಿ ಅಂತ ಫ್ರೀಜರ್‌ನ ಹಿಂಬದಿಗೆ ತಳ್ಳಿದ್ದೆ. ಮಾರನೇ ದಿನ ತೆಗೆದು ಅಲುಗಾಡಿಸಿದರೆ ಸದ್ದೇ ಇಲ್ಲ. ಕಲ್ಲಿನಂತೆ ಹೆಪ್ಪುಗಟ್ಟಿತ್ತು. ನೂರಕ್ಕೆ 40 ಆಲ್ಕೋಹಾಲ್ ಇರೋ ವೋಡ್ಕಾ ಮನೆಯ ಫ್ರೀಜರ್‌ನಲ್ಲಿ ಗಟ್ಟಿಯಾಗಲ್ಲ ಅಲ್ವಾ? ನನ್ನ ಮೈದುನ ಮೊದಲ ವಾರದಿಂದಲೇ ಕುಡಿದು, ಅಷ್ಟೇ ನೀರು ತುಂಬಿಸಿ ಇಡುತ್ತಿದ್ದ. ನಾಲ್ಕು ತಿಂಗಳು ಟ್ಯಾಂಕ್‌ಗೆ ನಲ್ಲಿ ನೀರು ಅಳೆದು ಅಳೆದು ಹಾಕಿದ್ದೇನೆ. ಸಿರಿಂಜ್‌ನಲ್ಲಿ.

ಸಂಪ್‌ಸಂಗಪ್ಪ

ಮೈದುನನ ನೈಟ್ರೇಟ್ ಇಳಿದಿರಬೇಕು ನೋಡಿ ಮೀನಮ್ಮ.

ರಾತ್ರಿಪಾಳಿ

😂😂 ಈ ವರ್ಷ ಓದಿದ್ದರಲ್ಲೆಲ್ಲ ಇದೇ ಬೆಸ್ಟ್.

ಕೀಟೊಕಾಕಾ

ಕೀಟೊ ಆಗಿದ್ರೆ ಯಾರೂ ಕುಡೀತಿರಲಿಲ್ಲ.

ಉಪ್ಪುನೀರಿಗ

ನಗು ಬಂತು, ಆದರೆ ನನ್ನ ಆಕ್ರೊ ನಗುತ್ತಿಲ್ಲ. ಈಗ ಏನು ಮಾಡಲಿ? ಒಬ್ಬರು ನಿಲ್ಲಿಸಿ ಅಂತಾರೆ, ಒಬ್ಬರು ಅರ್ಧ ಮಾಡಿ ಅಂತಾರೆ. ನೈಟ್ರೇಟ್ ಪುಡಿ ಹಾಕಿ ಅಂತಲೂ ಕೇಳಿದ್ದೇನೆ. ತೆಗೆಯೋಕೆ ಅಂತ ಆರು ವಾರ ಒದ್ದಾಡಿ ಈಗ ಹಾಕೋದಾ?

ಬಕೆಟ್‌ಭೂಪ

ಒಂದು ಕೈಯಲ್ಲಿ ತೆಗೆದು ಇನ್ನೊಂದು ಕೈಯಲ್ಲಿ ಹಾಕೋದು. ಇದನ್ನು ಹವ್ಯಾಸ ಅಂತಾರೋ, ಹುಚ್ಚು ಅಂತಾರೋ?

ರಸಾಯನಿ

ಎರಡೂ ಅಂತಾರೆ ಸರ್.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಇಂದು 3 ಮಿ.ಲೀ.ಗೆ ಇಳಿಸಿ. ನಾಲ್ಕು ದಿನ ಬಿಟ್ಟು 1.5. ಒಮ್ಮೆಲೇ ಪೂರ್ತಿ ನಿಲ್ಲಿಸಿದರೆ, ವೋಡ್ಕಾ ನಂಬಿ ಬೆಳೆದ ಅಷ್ಟೂ ಬ್ಯಾಕ್ಟೀರಿಯಾ ಹಸಿದು ಸಾಯುತ್ತವೆ, ಒಳಗೆ ಕಟ್ಟಿಟ್ಟದ್ದನ್ನು ನೀರಿಗೆ ಬಿಡುತ್ತವೆ. ಮೀನಿನ ಊಟ ಮಾಮೂಲಿನಂತೆ ಹಾಕಿ. ನಿಮ್ಮ ಕೈ ದೊಡ್ಡದು, ನೈಟ್ರೇಟ್ ತಾನಾಗಿ ಕಾಣಿಸುತ್ತೆ.

ಒಂದು ವಾರವಾದರೂ ಸೊನ್ನೆಯಲ್ಲೇ ಇದ್ದರೆ ಆಗ ಸೋಡಿಯಂ ನೈಟ್ರೇಟ್. 300 ಲೀಟರ್‌ಗೆ 1 ಪಿಪಿಎಂ ಏರಿಸೋಕೆ 0.41 ಗ್ರಾಂ ಸಾಕು. ಶುದ್ಧವಾದದ್ದೇ ತನ್ನಿ, ತೋಟದ ಗೊಬ್ಬರ ಬೇಡ. ಹಾಕಿ, ಮರುದಿನ ಅಳೆಯಿರಿ. ಸಿಕ್ಕಾಪಟ್ಟೆ ಹಾಕಬೇಡಿ.

ಇದರಲ್ಲಿ ತಮಾಷೆ ಏನಂದ್ರೆ, ನೈಟ್ರೇಟ್ 3–4 ಇದ್ದು ಸ್ವಲ್ಪ ವೋಡ್ಕಾವೂ ಇದ್ದರೆ ಫಾಸ್ಫೇಟ್ ಕೂಡ ಇಳಿಯೋಕೆ ಶುರುವಾಗುತ್ತೆ. ಗಾರೆ ಬಂತು, ಗೋಡೆ ಎದ್ದಿತು.

ರಾತ್ರಿಪಾಳಿ

ಫಾಸ್ಫೇಟ್‌ಗೆ ಜಿಎಫ್‌ಒ (ಫಾಸ್ಫೇಟ್ ಹೀರೋ ಕಬ್ಬಿಣದ ಕಾಳು) ಹಾಕಿ ಮುಗಿಸಬಾರದಾ?

ಹವಳಪ್ರಿಯ

ಹಾಕಬಹುದು. ಆದರೆ ಡಬ್ಬಿ ಮೇಲೆ ಬರೆದಿರೋದರ ಕಾಲು ಭಾಗದಿಂದ ಶುರು ಮಾಡಿ. 0.18ರಿಂದ ಒಂದೇ ರಾತ್ರಿಗೆ 0.02ಕ್ಕೆ ಇಳಿದರೆ ಈಗಾಗಲೇ ನರಳುತ್ತಿರೋ ಹವಳದ ಚರ್ಮವೇ ಕಳಚಿ ಬೀಳುತ್ತೆ. ಆಗ ಎರಡೂ ಸೊನ್ನೆ. ಎರಡೂ ಸೊನ್ನೆ ಆದ ಟ್ಯಾಂಕ್‌ಗೆ ಡೈನೊ (ಡೈನೊಫ್ಲಾಜೆಲೇಟ್ ಅನ್ನೋ ಸೂಕ್ಷ್ಮ ಜೀವಿ) ಬರುತ್ತೆ. ಸಯನೊ ಬಂದರೆ ಪೈಪ್ ಹಾಕಿ ಎಳೆದರೆ ಹೋಗುತ್ತೆ, ಡೈನೊ ಬಂದರೆ ನಿದ್ದೆ ಹೋಗುತ್ತೆ.

ಅಂದಹಾಗೆ ನಿಮ್ಮದು ಸಯನೊನೇ ಅಂತ ಖಾತ್ರಿ ಇದೆಯಾ? ಕೆಂಪು, ಹಾಳೆಯಂತೆ ಎದ್ದು ಬರುತ್ತೆ ಅಂದ್ರೆ ಸಯನೊ. ಕಂದು, ಗೊಣ್ಣೆಯಂತೆ ಎಳೆ ಎಳೆ, ತುದಿಯಲ್ಲಿ ಗುಳ್ಳೆ, ರಾತ್ರಿ ಕಡಿಮೆ ಹಗಲು ಜಾಸ್ತಿ ಅಂದ್ರೆ ಡೈನೊ ಅನುಮಾನ. ಸ್ವಲ್ಪ ಎಳೆದು ಬಾಟಲಿಗೆ ಹಾಕಿ ಜೋರಾಗಿ ಕುಲುಕಿ. ಟಿಶ್ಯೂ ಕಾಗದದಲ್ಲಿ ಸೋಸಿ. ಸೋಸಿದ ನೀರನ್ನು ಬೆಳಕಿನ ಕೆಳಗೆ ಒಂದು ಗಂಟೆ ಇಡಿ. ಮತ್ತೆ ಎಳೆ ಕಟ್ಟಿಕೊಂಡರೆ ಡೈನೊ.

ಉಪ್ಪುನೀರಿಗ

ಹಾಳೆಯಂತೆ ಏಳುತ್ತೆ. ಪೈಪ್ ಹಾಕಿದರೆ ರಗ್ಗು ಸುತ್ತಿದ ಹಾಗೆ ಬರುತ್ತೆ. ಬಾಟಲಿ ಪರೀಕ್ಷೆಯನ್ನೂ ಮಾಡಿದೆ, ಏನೂ ಕಟ್ಟಿಕೊಳ್ಳಲಿಲ್ಲ. ಸಯನೊನೇ.

ಇನ್ನೊಂದು ಪ್ರಶ್ನೆ. ವೋಡ್ಕಾ ಬಿಟ್ಟು ವಿನೆಗರ್‌ಗೆ ಹೋಗಲಾ? ಅದರಲ್ಲಿ ಸಯನೊ ಕಡಿಮೆ ಅಂತಾರಲ್ಲ.

ರಾತ್ರಿಪಾಳಿ

ವಿನೆಗರ್ ಅಂದ ಕೂಡಲೇ ನನ್ನ ಗಾಯ ಕೆದಕಿದ ಹಾಗಾಯ್ತು. ಹೇಳಿಬಿಡುತ್ತೇನೆ.

ನನ್ನದು 400 ಲೀಟರ್. ವಿನೆಗರ್ ಅನ್ನು ಡೋಸಿಂಗ್ ಪಂಪ್‌ನಲ್ಲಿ ಹಾಕುತ್ತಿದ್ದೆ. ಬಾಟಲಿಯನ್ನು ಟ್ಯಾಂಕ್‌ಗಿಂತ ಮೇಲಿನ ಶೆಲ್ಫ್‌ನಲ್ಲಿ ಇಟ್ಟಿದ್ದೆ, ನೋಡೋಕೆ ಅಚ್ಚುಕಟ್ಟು ಅಂತ. ಪಂಪ್‌ನ ಒಳಗಿನ ರಬ್ಬರ್ ಟ್ಯೂಬ್ ಬದಲಿಸಿ ಎರಡು ವರ್ಷ ಆಗಿತ್ತು. ಅದು ಸವೆದು ಸಡಿಲ ಆಗಿದ್ದು ಗೊತ್ತಾಗಲಿಲ್ಲ. ರಾತ್ರಿ ಒಂದೂವರೆಗೆ ಪಾಳಿ ಮುಗಿಸಿ ಬಂದೆ. ಬಾಗಿಲು ತೆಗೆದ ತಕ್ಷಣ ಹುಳಿ ವಾಸನೆ. ಬಾಟಲಿ ಖಾಲಿ. ಟ್ಯಾಂಕ್ ಹಾಲಿನ ಹಾಗೆ. ಮೀನೆಲ್ಲ ಮೇಲೆ ಬಂದು ಬಾಯಿ ಕಳೆದು ಗಾಳಿ ಗುಟುಕರಿಸುತ್ತಿವೆ. ಒಂದು ಮೀನಿನ ಕಿವಿರು ಎಷ್ಟು ಬೇಗ ಬಡಿಯುತ್ತಿತ್ತು ಅಂದ್ರೆ, ನೋಡೋಕೇ ಆಗಲಿಲ್ಲ.

ಇದ್ದಬದ್ದ ಏರ್ ಸ್ಟೋನ್ ಎಲ್ಲ ಹಾಕಿದೆ. ಪಂಪ್‌ಗಳ ಬಾಯಿ ಮೇಲ್ಮೈ ಕಡೆಗೆ ತಿರುಗಿಸಿದೆ. ಉಪ್ಪು ನೀರು ತಯಾರಿದ್ದದ್ದು 60 ಲೀಟರ್, ಅಷ್ಟೂ ಬದಲಿಸಿದೆ. ಬೆಳಗ್ಗೆವರೆಗೆ ಸ್ಟೂಲ್ ಮೇಲೆ ಕೂತಿದ್ದೆ. ಏಳು ಮೀನಿನಲ್ಲಿ ನಾಲ್ಕು ಉಳಿದವು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ.

ಅಂದಿನಿಂದ ಬಾಟಲಿ ನೆಲದ ಮೇಲೆ, ಟ್ಯೂಬ್ ತುದಿ ನೀರಿಗೆ ತಾಗದಂತೆ ಮೇಲೆ. ಬಾಟಲಿಯಲ್ಲಿ ಮೂರು ದಿನದ್ದಕ್ಕಿಂತ ಜಾಸ್ತಿ ತುಂಬಲ್ಲ.

ಮೀನಮ್ಮ

ಅಯ್ಯೋ. ಓದಿ ಹೊಟ್ಟೆ ಉರಿಯಿತು. ಉಳಿದ ನಾಲ್ಕು ಈಗ ಹೇಗಿವೆ?

ರಾತ್ರಿಪಾಳಿ

ಚೆನ್ನಾಗಿವೆ ಅಕ್ಕಾ. ಕಿವಿರು ಬಡಿಯುತ್ತಿದ್ದ ಅವನೇ ಈಗ ಎಲ್ಲರ ಮೇಲೂ ರೌಡಿಸಂ ಮಾಡೋದು.

ರಸಾಯನಿ

ರಾತ್ರಿಪಾಳಿಯವರ ಕತೆಗೆ ಒಂದು ಅಂಕೆ ಸೇರಿಸುತ್ತೇನೆ. 1 ಮಿ.ಲೀ. ವೋಡ್ಕಾದಲ್ಲಿ ಸುಮಾರು 0.32 ಗ್ರಾಂ ಎಥನಾಲ್ ಇರುತ್ತೆ. ಅದು ಪೂರ್ತಿ ಉರಿಯಬೇಕಾದರೆ 0.66 ಗ್ರಾಂ ಆಮ್ಲಜನಕ ಬೇಕು. 300 ಲೀಟರ್ ಬೆಚ್ಚಗಿನ ಉಪ್ಪು ನೀರಿನಲ್ಲಿ ಕರಗಿರೋ ಆಮ್ಲಜನಕವೇ ಸುಮಾರು 2 ಗ್ರಾಂ. ಅಂದ್ರೆ 3 ಮಿ.ಲೀ. ವೋಡ್ಕಾ ಇಡೀ ಟ್ಯಾಂಕ್‌ನ ಆಮ್ಲಜನಕಕ್ಕೆ ಸಮ. ವಾಸ್ತವದಲ್ಲಿ ಒಂದು ಪಾಲು ಬ್ಯಾಕ್ಟೀರಿಯಾದ ಮೈಗೆ ಹೋಗುತ್ತೆ, ಗಾಳಿಯಿಂದ ಹೊಸ ಆಮ್ಲಜನಕ ಬರುತ್ತಲೇ ಇರುತ್ತೆ, ಆದ್ದರಿಂದ ದಿನವಿಡೀ ಹಂಚಿ ಹಾಕಿದರೆ ತೊಂದರೆ ಇಲ್ಲ. ಆದರೆ ಕರೆಂಟ್ ಹೋಗಿ ಸ್ಕಿಮ್ಮರ್ ನಿಂತಿದ್ದರೆ ಅಂದು ಹಾಕಲೇಬೇಡಿ.

ವಿನೆಗರ್ ಬಗ್ಗೆ: 1 ಮಿ.ಲೀ. ವೋಡ್ಕಾಗೆ 8 ಮಿ.ಲೀ. ವಿನೆಗರ್ ಸಮ. ನೂರಕ್ಕೆ 5 ಆಮ್ಲ ಇರೋ ಬಿಳಿ ವಿನೆಗರ್ ಲೆಕ್ಕ ಇದು. ಹಾಕಿದ ಕೂಡಲೇ ಪಿಎಚ್ ಇಳಿಯುತ್ತೆ, ಅದಕ್ಕೆ ಬೆಳಕು ಹತ್ತಿ ಪಿಎಚ್ ಏರಿದ ಮೇಲೆ ಹಾಕಿ. ಸುಣ್ಣದ ನೀರು ಹಾಕುವವರು ಅದರಲ್ಲೇ ಬೆರೆಸುತ್ತಾರೆ, ಅದು ಚೆನ್ನಾಗಿ ನಡೆಯುತ್ತೆ. ಸಯನೊ ಕಡಿಮೆ ಅಂತ ಹಲವರು ಹೇಳುತ್ತಾರೆ, ನನಗೂ ಹಾಗೇ ಕಂಡಿದೆ. ಆದರೆ ಈಗಿನ ನಿಮ್ಮ ಸಮಸ್ಯೆ ಬಾಟಲಿ ಬದಲಿಸಿದರೆ ಹೋಗಲ್ಲ.

ಹೊಸಬ_ನಾನು

ಮನೆಯಲ್ಲಿ ಸ್ಪಿರಿಟ್ ಇದೆ, ಗಾಯ ಒರೆಸೋದು. ಅದೂ ಆಲ್ಕೋಹಾಲೇ ಅಲ್ವಾ?

ರಸಾಯನಿ

ಬೇಡ! ಬೇಡವೇ ಬೇಡ. ಅದರಲ್ಲಿ ಐಸೊಪ್ರೊಪೈಲ್ ಇರಬಹುದು, ಕುಡಿಯದಿರಲಿ ಅಂತ ಬೆರೆಸಿದ ವಿಷ ಇರಬಹುದು. ರುಚಿ, ಬಣ್ಣ ಸೇರಿಸಿದ ವೋಡ್ಕಾವೂ ಬೇಡ. ನೆಲ ಒರೆಸೋ ವಿನೆಗರ್ ಕೂಡ ಬೇಡ.

ಸಂಪ್‌ಸಂಗಪ್ಪ

ಮೈದುನನಿಗೂ ಕೊಡಬೇಡಿ.

ಕೀಟೊಕಾಕಾ

ಯಾರೂ ಬಯೋಪೆಲೆಟ್ ಬಗ್ಗೆ ಮಾತಾಡಲಿಲ್ಲ. ಬಾಟಲಿ ಇಲ್ಲ, ಸಿರಿಂಜ್ ಇಲ್ಲ. ಕೀಟೊಗೆ ಮುಂಚೆ ನಾನು ಅದನ್ನೇ ಇಟ್ಟಿದ್ದೆ.

ಹವಳಪ್ರಿಯ

ಒಳ್ಳೇದೇ, ಆದರೆ ನಲ್ಲಿ ತಿರುಗಿಸಿದಂತೆ ಪ್ರಮಾಣ ಕಡಿಮೆ ಮಾಡೋಕೆ ಆಗಲ್ಲ. ಇವರಂತೆ ಸೊನ್ನೆ ಆದರೆ ರಿಯಾಕ್ಟರ್ (ಕಾಳು ತುಂಬಿಡೋ ಪಾತ್ರೆ) ಬಿಚ್ಚಿ ಕಾಳು ತೆಗೆಯಬೇಕು. ಉಂಡೆ ಕಟ್ಟಿ ನೀರು ಓಡದಿದ್ದರೆ ಕೊಳೆತ ಮೊಟ್ಟೆ ವಾಸನೆ ಬೇರೆ. ಹೊರಬರೋ ನೀರನ್ನು ನೇರ ಸ್ಕಿಮ್ಮರ್ ಬಾಯಿಗೆ ಕೊಡಬೇಕು.

ಮತ್ತೆ ಕಾಕಾ, ಕೀಟೊ ಮತ್ತು ವೋಡ್ಕಾ ಎರಡೂ ಇಟ್ಟರೆ ಒಂದೇ ತಟ್ಟೆಗೆ ಇಬ್ಬರು ಕೈ ಹಾಕಿದ ಹಾಗೆ. ನನ್ನ ಕೀಟೊ ಕರಗಿ ಹೋದದ್ದು ಹಾಗೇ.

ಕೀಟೊಕಾಕಾ

ತಪ್ಪು ಮಾಡಿದಿರಿ. ವೋಡ್ಕಾ ತೆಗೆಯಬೇಕಿತ್ತು.

ಬಕೆಟ್‌ಭೂಪ

ಇನ್ನೊಂದು ಮಾತು. ನೀರಿಗೆ ಸಕ್ಕರೆಯಂಥ ಇಂಗಾಲ ಸೇರಿಸಿದರೆ ಹವಳ ಸಾಯುತ್ತೆ ಅಂತ ಸಂಶೋಧನೆಯೇ ಆಗಿದೆ. 2006ರಲ್ಲಿ ಪ್ರಕಟ ಆಯ್ತು. ನಾನು ಬಕೆಟ್ ಮನುಷ್ಯ ಇರಬಹುದು, ಓದು ಬಾರದವನಲ್ಲ.

ರಸಾಯನಿ

ಓದಿದ್ದೇನೆ ಸರ್, ನೀವು ಹೇಳಿದ್ದು ಸರಿ. ಹವಳದ ಲೋಳೆಯಲ್ಲಿರೋ ಬ್ಯಾಕ್ಟೀರಿಯಾ ಮಿತಿಮೀರಿ ಬೆಳೆದವು, ಹವಳ ಸತ್ತವು. ಆದರೆ ಅಲ್ಲಿ ಸ್ಕಿಮ್ಮರ್ ಇಟ್ಟು ದಿನದಿನ ಹೊರಗೆ ತೆಗೆಯೋ ನಮ್ಮಂಥ ಏರ್ಪಾಟು ಇರಲಿಲ್ಲ. ಸಕ್ಕರೆಯನ್ನು ನಾನು ಯಾರಿಗೂ ಹೇಳದಿರೋದಕ್ಕೆ ಅದೂ ಒಂದು ಕಾರಣ. ಅವಸರ ಮಾಡಬೇಡಿ ಅನ್ನೋದಕ್ಕೂ.

ಬಕೆಟ್‌ಭೂಪ

ಸರಿ. ಒಪ್ಪಿದ್ದಕ್ಕೆ ಸಂತೋಷ.

ಸಂಪ್‌ಸಂಗಪ್ಪ

ಭೂಪಣ್ಣ ಸಂತೋಷ ಪಟ್ಟರು. ದಿನಾಂಕ ಬರೆದಿಟ್ಟುಕೊಳ್ಳಿ.

ಉಪ್ಪುನೀರಿಗ

ಮೂರೂವರೆ ವಾರ ಆಯ್ತು. ಏನಾಯ್ತು ಅಂತ ತಿಳಿಸುತ್ತೇನೆ ಅಂದಿದ್ದೆ ಕೆಲವರಿಗೆ.

3 ಮಿ.ಲೀ., ಆಮೇಲೆ 1.5. ಒಂಬತ್ತು ದಿನ ನೈಟ್ರೇಟ್ ಸೊನ್ನೆಯಲ್ಲೇ ಇತ್ತು, ಊಟ ಹಾಕಿದ್ದು ಎಲ್ಲಿ ಹೋಗುತ್ತಿತ್ತೋ. ಕೊನೆಗೆ ಸೋಡಿಯಂ ನೈಟ್ರೇಟ್ ತಂದೆ. ಮೊದಲ ಮೂರು ದಿನ 1 ಪಿಪಿಎಂ ಹಾಕಿದರೂ ಮರುದಿನ ಸೊನ್ನೆ. ನಾಲ್ಕನೇ ದಿನ ಕಿಟ್‌ನಲ್ಲಿ ತಿಳಿ ಗುಲಾಬಿ ಬಂತು. ನೈಟ್ರೇಟ್ ಕಂಡು ಇಷ್ಟು ಖುಷಿ ಪಡುತ್ತೇನೆ ಅಂತ ಎರಡು ತಿಂಗಳ ಹಿಂದೆ ಯಾರಾದರೂ ಹೇಳಿದ್ದರೆ ಜಗಳ ಆಡುತ್ತಿದ್ದೆ.

ಈಗ ನೈಟ್ರೇಟ್ 4. ಚೆಕರ್ 38 ತೋರಿಸುತ್ತಿದೆ, ಗುಣಿಸಿದೆ, 0.12. ಆಲ್ಕ್ 8.6. ಸಯನೊ ಪೂರ್ತಿ ಹೋಗಿಲ್ಲ, ಹಿಂದಿನ ಮೂಲೆಯಲ್ಲಿ ಅಂಗೈಯಷ್ಟು ಇದೆ. ವಾರಕ್ಕೆ ಎರಡು ಸಲ ಪೈಪ್ ಹಾಕಿ ಎಳೆಯುತ್ತೇನೆ. ಮೊಂಟಿಪೋರಾ ಅಂಚಿನಿಂದ ಹಸಿರು ವಾಪಸ್ ಬರುತ್ತಿದೆ. ಆಕ್ರೊಗಳಲ್ಲಿ ಎರಡು ಕೊಂಬೆ ಹೋಯ್ತು, ಮುರಿದು ತೆಗೆದೆ. ಉಳಿದ ತುದಿಗಳಲ್ಲಿ ಬಿಳಿ ಮೇಲೆ ಸಣ್ಣ ನೇರಳೆ ಚುಕ್ಕಿ. ಭೂತಗನ್ನಡಿ ಇಟ್ಟು ನೋಡಿದೆ, ಪಾಲಿಪ್‌ಗಳೇ.

ಹವಳಪ್ರಿಯ

ನೇರಳೆ ಚುಕ್ಕಿ ಬಂತು ಅಂದ್ರೆ ಗೆದ್ದಿರಿ. ಇನ್ನು ತಿಂಗಳು ಏನೂ ಮುಟ್ಟಬೇಡಿ.

ರಸಾಯನಿ

0.18 ಹೋಗಿ 0.12. ಕಲ್ಲು ಬಿಡುತ್ತಿರುತ್ತೆ, ನಿಧಾನವೇ ಸರಿ. ಹಳೆ ಪುಸ್ತಕದ ಅಂಕೆಗಳನ್ನೆಲ್ಲ 3.066ರಿಂದ ಗುಣಿಸಿ ತಿದ್ದಿ.

ಉಪ್ಪುನೀರಿಗ

ತಿದ್ದಿದೆ ಮೇಡಂ. ಕೆಂಪು ಪೆನ್ನಿನಲ್ಲಿ.

ಹೊಸಬ_ನಾನು

ನಾನೂ ಶುರು ಮಾಡೋಣ ಅಂತಿದ್ದೇನೆ. ನನ್ನದು 60 ಲೀಟರ್, ನೈಟ್ರೇಟ್ 15, ಸ್ಕಿಮ್ಮರ್ ಇಲ್ಲ.

ಬಕೆಟ್‌ಭೂಪ

ಬಕೆಟ್ ತಗೋ ತಮ್ಮಾ.

ರಸಾಯನಿ

ಈ ಸಲ ನಾನೂ ಭೂಪ ಸರ್ ಕಡೆ. ಸ್ಕಿಮ್ಮರ್ ಇಲ್ಲದೆ ಬೇಡ. 60 ಲೀಟರ್‌ಗೆ ಬಕೆಟ್ಟೇ ಸಾಕು.

ಕೀಟೊಕಾಕಾ

ಅಥವಾ ಒಂದು ಹಿಡಿ ಕೀಟೊ.